ಬೇರೊಬ್ಬರ ಸಿಂಹ

ವಿಜಾಪುರ
೧೦ ಜೂನ್ ೧೯೬೩

ಮಕ್ಕಳ ಜ್ಞಾನ ಸಂಪುಟದ ಸಂಪಾದಕರಿಗೆ, ಧಾರವಾಡ.

ಮಾನ್ಯರೇ,

ನಾನು ಶಂಕ್ರೆವ್ವ ರಾಮಲಿಂಗ ಹೊನವಾಡ, ನಿವೃತ್ತ ಮುಖ್ಯಾಧ್ಯಾಪಕಿ. ನನ್ನ ಸೇವಾವಧಿ ೧೯೨೪ನೆಯ ಜೂನ್ ತಿಂಗಳಿಂದ ೧೯೫೫ನೆಯ ಅಕ್ಟೋಬರ್‌ವರೆಗೆ, ಮೂವತ್ತೊಂದು ವರ್ಷ ನಾಲ್ಕು ತಿಂಗಳು. ಅದರಲ್ಲಿ ಹತ್ತು ವರ್ಷ ತಿಕೋಟಾದಲ್ಲಿ, ಎಂಟು ವರ್ಷ ಬಬಲೇಶ್ವರದಲ್ಲಿ, ಉಳಿದದ್ದು ಈ ಊರಿನಲ್ಲಿ ಕಳೆಯಿತು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಕಲಿಸಿದ್ದೂ ಕನ್ನಡವನ್ನೇ. ನಿಮಗೆ ಬರೆಯಲು ಇದು ಸಾಕಷ್ಟು ಅಧಿಕಾರವೆಂದು ಭಾವಿಸುತ್ತೇನೆ.

ನಿಮ್ಮ ಸಂಪುಟದ ಮಾದರಿ ಪುಟಗಳನ್ನು ಓಣಿಯ ಮಕ್ಕಳಿಗೆ ಓದಿ ಹೇಳಿದೆ. ಬೆತ್ಲೆಹೇಮಿನ ಗುಹೆಯಲ್ಲಿ ಕುಳಿತು ಕ್ರೈಸ್ತರ ಧರ್ಮಗ್ರಂಥವನ್ನು ಲ್ಯಾಟಿನ್ ಭಾಷೆಗೆ ತಂದ ಪ್ರಾಚೀನ ಪಂಡಿತನ ಬಗೆಗಿನ ಲೇಖನವಿದೆಯಷ್ಟೆ, ಅದರಲ್ಲಿ ಮೂರು ದೋಷಗಳಿವೆ. ಆತನ ಹೆಸರನ್ನು ನಾಲ್ಕು ಕಡೆ ನಾಲ್ಕು ಬಗೆಯಾಗಿ ಅಚ್ಚು ಹಾಕಿದ್ದೀರಿ. ನಿಮ್ಮಲ್ಲಿ ಒಮ್ಮತ ಮೂಡುವವರೆಗೆ ನಾನು ಆತನನ್ನು 'ಪಂಡಿತ' ಎಂದಷ್ಟೇ ಕರೆಯುತ್ತೇನೆ. ಎರಡನೆಯ ಪರಿಚ್ಛೇದದಲ್ಲಿ ಐವತ್ತಮೂರು ಪದಗಳ ಒಂದು ವಾಕ್ಯವಿದೆ. ಅದನ್ನು ಓದುವಾಗ ನನಗೆ ಏದುಸಿರು ಬಂತು. ಇವೆರಡನ್ನೂ ಕ್ಷಮಿಸಬಹುದು. ಮೂರನೆಯದು ಸಿಂಹ.

ಚಿತ್ರದಲ್ಲಿ ಪಂಡಿತ ಮೇಜಿನ ಮುಂದೆ ಬರೆಯುತ್ತಿದ್ದಾನೆ. ಕಾಲ ಬಳಿ ಸಿಂಹವೊಂದು ಬೆಕ್ಕಿನಂತೆ ಮಲಗಿದೆ. ಲೇಖನದಲ್ಲಿ ಅದರ ಬಗ್ಗೆ ಒಂದೇ ವಾಕ್ಯ: 'ಇವರು ಸಿಂಹದ ಪಾದದಿಂದ ಮುಳ್ಳು ತೆಗೆದರೆಂದು ಪ್ರಸಿದ್ಧಿ.' ನೆರೆಮನೆಯ ಹುಲಿಗೆವ್ವನ ಮೊಮ್ಮಗಳು, "ಬಾಯಾರs, ಇದು ಖರೇನs ಆಗಿತ್ತೋ, ಏನ್ ಮಂದಿ ಅಂದದ್ದೋ?" ಎಂದು ಕೇಳಿದಳು. ಅವಳಿಗೆ ಉತ್ತರ ಕೊಡಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ಪ್ರಸಿದ್ಧಿಯೆಂಬುದು ಸಾಕ್ಷಿಯಲ್ಲ. ದಯವಿಟ್ಟು ನಿಜವೇನೆಂದು ತಿಳಿಸಿರಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ಶಂ. ರಾ. ಹೊನವಾಡ


ಧಾರವಾಡ
೧೯ ಜೂನ್ ೧೯೬೩

ಪೂಜ್ಯ ಬಾಯಾರಿಗೆ ಸಬೀರಾಳ ನಮಸ್ಕಾರಗಳು.

ನಮ್ಮ ಸಂಪಾದಕರು ನಿಮ್ಮ ಪತ್ರವನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟು, "ಯಾರ್ರಿ ಇವರು? ಒಂದs ಕಾಗದದಾಗ ಮೂರು ಛಡಿ ಏಟು ಕೊಟ್ಟಾರ" ಎಂದರು. ಆ ಅಕ್ಷರ ಕಂಡದ್ದೇ ನಾನು ಕುರ್ಚಿಯಿಂದ ಎದ್ದು ನಿಂತೆ. ಅವರು ಗಾಬರಿಯಾದರು.

ಬಾಯಾರೆ, ಆ ಲೇಖನ ನನ್ನದು. ಸಿದ್ಧೇಶ್ವರ ಗುಡಿಯ ಹತ್ತಿರ ಅತ್ತರು ಮಾರುತ್ತಿದ್ದ ಹಸನಸಾಬರ ಮಗಳು ನಾನು. ನಿಮ್ಮ ಐದನೆಯ ಇಯತ್ತೆಯಲ್ಲಿ, ಕಿಟಕಿಯ ಪಕ್ಕದ ಸಾಲಿನಲ್ಲಿ ಕೂತಿರುತ್ತಿದ್ದೆ. ಐವತ್ತಮೂರು ಪದಗಳ ವಾಕ್ಯ ಬರೆದದ್ದಕ್ಕೆ ತಲೆ ತಗ್ಗಿಸಿದ್ದೇನೆ.

ಸಿಂಹದ ವಿಷಯ. ದೊಡ್ಡ ಪುಸ್ತಕಗಳನ್ನು ತೆಗೆದು ಮತ್ತೆ ನೋಡಿದೆ. ಅದು ಪಂಡಿತನ ಸಿಂಹವಲ್ಲ! ಮುಳ್ಳು ತೆಗೆದವನು ಜೋರ್ಡಾನ್ ನದಿಯ ದಂಡೆಯಲ್ಲಿದ್ದ ಬೇರೊಬ್ಬ ತಪಸ್ವಿಯಂತೆ. ಕೆಲವು ನೂರು ವರ್ಷಗಳ ಮೇಲೆ ಕಥೆ ಹೇಳುವವರು ಅದನ್ನು ತಂದು ಪಂಡಿತನ ಹೆಸರಿಗೆ ಹಚ್ಚಿದರು, ಚಿತ್ರಕಾರರು ಅದನ್ನೇ ಬಣ್ಣದಲ್ಲಿ ಬರೆದರು. ಹೆಸರುವಾಸಿಯಾದವನ ಪಕ್ಕಕ್ಕೆ ಸಿಂಹ ತಾನಾಗಿಯೇ ನಡೆದು ಬಂದಿತು. ಆ ತಪಸ್ವಿ ಯಾರೆಂದು ಇಂದು ಬಹಳ ಜನಕ್ಕೆ ಗೊತ್ತಿಲ್ಲ.

ಪಂಡಿತನ ಬಗ್ಗೆ ಓದಿದಷ್ಟೂ ನನಗೆ ನಿಮ್ಮ ನೆನಪೇ ಬರುತ್ತದೆ, ಸಿಟ್ಟಾಗಬೇಡಿ. ಮೂವತ್ತು ವರ್ಷಕ್ಕೂ ಮೀರಿ ಒಂದೇ ಕೆಲಸಕ್ಕೆ ಅಂಟಿಕೊಂಡಿದ್ದನಂತೆ. ತಪ್ಪು ಕಂಡರೆ ಗೆಳೆಯನನ್ನೂ ಬಿಡುತ್ತಿರಲಿಲ್ಲವಂತೆ. ಎಲ್ಲರಿಗೂ ಕಾಗದ ಬರೆದು ಜಗಳ ತೆಗೆಯುತ್ತಿದ್ದನಂತೆ. ಒಬ್ಬ ತಾಯಿ ಮತ್ತು ಆಕೆಯ ಮಗಳು ಅವನಿಂದ ಹೀಬ್ರೂ ಕಲಿತು, ಅವನ ಕೆಲಸಕ್ಕೆ ಒತ್ತಾಸೆಯಾಗಿ ನಿಂತರು. ಅವರ ಋಣವನ್ನು ತನ್ನ ಗ್ರಂಥಗಳ ಮುನ್ನುಡಿಯಲ್ಲಿ ಅವರ ಹೆಸರು ಹಿಡಿದೇ ಹೇಳಿದ್ದಾನೆ. 'ಹೆಂಗಸರ ಹೆಸರು ಯಾಕೆ' ಎಂದು ಜನ ನಕ್ಕರೂ ಅಳಿಸಲಿಲ್ಲ.

ನಿಂತೇ ಬರೆಯುತ್ತಿರುವ,
ಸಬೀರಾ


ವಿಜಾಪುರ
೨ ಜುಲೈ ೧೯೬೩

ಚಿರಂಜೀವಿ ಸಬೀರಾಳಿಗೆ ಆಶೀರ್ವಾದಗಳು.

ಎದ್ದು ನಿಂತದ್ದು ಸರಿ. ಈಗ ಕುಳಿತುಕೋ.

ಅತ್ತರಿನ ಹಸನಸಾಬರ ಮಗಳು ಕಲಿತ ಕನ್ನಡ ಅಚ್ಚಾಗುತ್ತಿದೆ ಎಂದು ತಿಳಿದು, ಪತ್ರವನ್ನು ಮೂರು ಸಲ ಓದಿದೆ. ಕಾಗುಣಿತದಲ್ಲಿ ಒಂದೂ ತಪ್ಪಿಲ್ಲ. ಇದನ್ನು ಹೊಗಳಿಕೆಯೆಂದು ತಿಳಿಯಬೇಡ, ಹಾಗೆಯೇ ಇರಬೇಕು. ಪತ್ರವನ್ನು ಒಯ್ದು ಹುಲಿಗೆವ್ವನಿಗೂ ತೋರಿಸಿದೆ. "ನಿಮ್ಮ ಹುಡುಗಿ ಭಾಳ ಶಾಣ್ಯಾ ಆಗ್ಯಾಳ ಬಿಡ್ರಿ. ನೀವು ಬಡದದ್ದು ಹುಸಿ ಹೋಗಿಲ್ಲ" ಎಂದಳು. ನಾನು ನಿನ್ನನ್ನು ಹೊಡೆದ ನೆನಪಿಲ್ಲ. ಹೊಡೆದಿದ್ದರೆ ತಿಳಿಸು.

ಪಂಡಿತ ನನಗೆ ಹಿಡಿಸಿದ. ಸಿಟ್ಟಿನವನಾದರೂ ತನಗೆ ನೆರವಾದವರ ಹೆಸರನ್ನು ಮುಚ್ಚಿಡಲಿಲ್ಲ. ಸಾವಿರದ ಐದುನೂರು ವರ್ಷ ಉಳಿಯಲು ಅವನಿಗೆ ಅವನ ಕೆಲಸವೇ ಸಾಕು. ಆದಕಾರಣ ಸಿಂಹವನ್ನು ತೆಗೆದುಹಾಕು, ಅದರ ಒಡೆಯನಿಗೆ ಹಿಂದಿರುಗಿಸು. ಇನ್ನೊಬ್ಬನ ಮಮತೆಯ ಕಾರ್ಯವನ್ನು ದೊಡ್ಡ ಹೆಸರಿನವನ ಕಾಲ ಬಳಿ ಕಟ್ಟಿಹಾಕುವುದು ಅನ್ಯಾಯ. ಮಕ್ಕಳ ಪುಸ್ತಕದಲ್ಲಂತೂ ಅದು ಸಲ್ಲದು.

ನಿನ್ನ ಹಿತವನ್ನು ಬಯಸುವ,
ಶಂ. ರಾ. ಹೊನವಾಡ


ಧಾರವಾಡ
೨೪ ಆಗಸ್ಟ್ ೧೯೬೩

ಪೂಜ್ಯ ಬಾಯಾರಿಗೆ,

ಹೊಡೆದಿದ್ದೀರಿ, ಒಂದೇ ಸಲ. ಹುಣಸೆಹಣ್ಣು ತಿನ್ನುತ್ತ ಪದ್ಯ ಹೇಳಿದ್ದಕ್ಕೆ.

ಸಿಂಹದ ಮೊಕದ್ದಮೆಯಲ್ಲಿ ಅರ್ಧ ಗೆದ್ದಿದ್ದೇವೆ. ಚಿತ್ರದ ಅಚ್ಚುಪಡಿ ಆಗಲೇ ಸಿದ್ಧವಾಗಿತ್ತು. ಸಂಪಾದಕರು, "ಸಿಂಹ ತಗದ್ರ ಆ ಮುದುಕನ್ನ ಯಾರ್ ನೋಡ್ತಾರ್ರಿ?" ಎಂದು ಹಟ ಹಿಡಿದರು. ಕಡೆಗೆ ಚಿತ್ರದ ಅಡಿಯಲ್ಲಿ 'ಈ ಸಿಂಹದ ಕಥೆ ಮೂಲತಃ ಜೋರ್ಡಾನ್ ದಂಡೆಯ ಬೇರೊಬ್ಬ ತಪಸ್ವಿಗೆ ಸೇರಿದ್ದು' ಎಂದು ಬರೆಸಲು ಒಪ್ಪಿದ್ದಾರೆ.

ಈಗ ಒಂದು ಸಂತೋಷದ ಸುದ್ದಿ. ನೀವು ಮುಖ್ಯಾಧ್ಯಾಪಕಿಯಾಗಿದ್ದ ಬಬಲೇಶ್ವರದ ಹೆಣ್ಣುಮಕ್ಕಳ ಶಾಲೆಗೆ ಬರುವ ಜನವರಿಯಲ್ಲಿ ವರ್ಧಂತಿಯ ಹಬ್ಬವಿದೆಯಂತೆ. ನೆನಪಿನ ಹೊತ್ತಿಗೆಗಾಗಿ ನಿಮ್ಮ ಕುರಿತು ಬರೆಯಲು ನನ್ನನ್ನು ಕೇಳಿದ್ದಾರೆ. ಅಲ್ಲಿಯ ಬಾಬು ಮಾಸ್ತರರು ತಪಾಸಣೆಯ ಅಭಿಪ್ರಾಯ ಬರೆಯುವ ಹಳೆಯ ಶೆರಾಪುಸ್ತಕದ ಒಂದು ಪುಟ ನಕಲು ಮಾಡಿ ಕಳಿಸಿದರು. ೧೯೩೮ರಲ್ಲಿ ಶಾಲಾ ತಪಾಸಣೆಗೆ ಬಂದ ಸಾಹೇಬರು ಬರೆದದ್ದು: 'ಮುಖ್ಯಾಧ್ಯಾಪಕಿಯವರು ಶಾಲೆ ಬಿಡಿಸಿದ ಬಾಲಿಕೆಯೊಬ್ಬಳಿಗೆ ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ದಿನವೂ ಪಾಠ ಹೇಳುತ್ತಿರುವುದು ಅತ್ಯಂತ ಶ್ಲಾಘನೀಯ.' ಇದನ್ನು ನೀವು ನಮಗೆ ಒಂದು ದಿನವಾದರೂ ಹೇಳಲಿಲ್ಲವಲ್ಲ! ಅದನ್ನೇ ನನ್ನ ಲೇಖನದ ಮೊದಲ ಪರಿಚ್ಛೇದ ಮಾಡಿದ್ದೇನೆ. ಕರಡು ಜೊತೆಗಿದೆ, ತಿದ್ದಿ ಕಳಿಸಿರಿ. ಈ ಸಲ ಯಾವ ವಾಕ್ಯವೂ ಹದಿನೈದು ಪದ ದಾಟಿಲ್ಲ.

ಹೆಮ್ಮೆಯಿಂದ,
ಸಬೀರಾ


ಧಾರವಾಡ
೧೮ ನವೆಂಬರ್ ೧೯೬೩

ಪೂಜ್ಯ ಬಾಯಾರಿಗೆ,

ಮೂರು ತಿಂಗಳಾಯಿತು. ನಡುವೆ ಎರಡು ಕಾರ್ಡು ಬರೆದೆ. ಆರೋಗ್ಯವಾಗಿದ್ದೀರಷ್ಟೆ? ಲೇಖನ ಡಿಸೆಂಬರ್ ಕೊನೆಗೆ ಬಬಲೇಶ್ವರ ಮುಟ್ಟಬೇಕು. ಕರಡಿನಲ್ಲಿ ತಪ್ಪು ಬಹಳವಿದ್ದರೆ ಬೈದಾದರೂ ಬರೆಯಿರಿ. ನೀವು ಬೈಯದೆ ಸುಮ್ಮನಿದ್ದದ್ದನ್ನು ನಾನು ಕಂಡೇ ಇಲ್ಲ.

ಸಬೀರಾ


ವಿಜಾಪುರ
೪ ಡಿಸೆಂಬರ್ ೧೯೬೩

ಚಿರಂಜೀವಿ ಸಬೀರಾ,

ಆರೋಗ್ಯವಾಗಿದ್ದೇನೆ. ನಿನ್ನ ಕರಡಿನ ಭಾಷೆಯಲ್ಲಿ ತಪ್ಪಿಲ್ಲ. ಮೊದಲ ಪರಿಚ್ಛೇದವನ್ನು ಇಡಿಯಾಗಿ ಹೊಡೆದುಹಾಕು.

ಆ ಕಟ್ಟೆಯ ಮೇಲೆ ನಾನು ಒಂದು ದಿನವೂ ಕೂತಿಲ್ಲ. ದಿನವೂ ಕೂತವರು ನನ್ನ ಕೈಕೆಳಗಿನ ಸಹಶಿಕ್ಷಕಿ ರೋಶನಬಿ. ಹುಡುಗಿಯ ಹೆಸರು ಬೋರವ್ವ, ಕೂಲಿ ಮಾಡುತ್ತಿದ್ದ ಸಾಬಣ್ಣನ ಹಿರಿಯ ಮಗಳು. ತಾಯಿ ಕೆಲಸಕ್ಕೆ ಹೋದರೆ ತಮ್ಮ ತಂಗಿಯರನ್ನು ಇವಳೇ ನೋಡಿಕೊಳ್ಳಬೇಕಾಗುತ್ತಿತ್ತು. ಹಾಗಾಗಿ ಏಳನೆಯ ಇಯತ್ತೆಯಲ್ಲಿ ಶಾಲೆ ಬಿಡಿಸಿದರು. ಒಂದು ತಿಂಗಳು ಗೈರುಹಾಜರಾದರೆ ಹಾಜರಿ ಪುಸ್ತಕದಿಂದ ಹೆಸರು ಕಡಿಯಬೇಕೆಂಬುದು ನಿಯಮ. ಮೂವತ್ತೊಂದನೆಯ ದಿನ ನಾನು ಕೆಂಪು ಗೆರೆ ಎಳೆದೆ. ರೋಶನಬಿ, "ಇನ್ನೊಂದು ವಾರ ತಡೀರಿ ಬಾಯಾರೆ" ಎಂದರು. "ನಿಯಮ ವಾರಕ್ಕೊಮ್ಮೆ ಬದಲಾಗುವುದಿಲ್ಲ" ಎಂದೆ. ಅವರು ಅಂದು ಸಂಜೆಯೇ ಸಾಬಣ್ಣನ ಕಟ್ಟೆಗೆ ಹೋದರು. ತೊಡೆಯ ಮೇಲೆ ಆ ಮನೆಯ ಕೂಸು, ಎದುರಿಗೆ ಬೋರವ್ವ. ಏಳನೆಯ ಇಯತ್ತೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆಯವರೆಗೂ ಹೀಗೇ ನಡೆಯಿತು. ಬೋರವ್ವ ಹೊರಗಿನಿಂದ ಪರೀಕ್ಷೆ ಕಟ್ಟಿ ಪಾಸಾದಳು.

ತಪಾಸಣೆಗೆ ಬಂದ ಸಾಹೇಬರ ಕಿವಿಗೆ ಊರವರ ಮಾತು ಬಿತ್ತು. ಶಾಲೆಯಲ್ಲಿ ಯಾರು ಏನೇ ಮಾಡಿದರೂ ಅದನ್ನು ಮುಖ್ಯಾಧ್ಯಾಪಕಿಯ ಹೆಸರಿನಲ್ಲಿ ಬರೆಯುವುದು ಅವರ ರೂಢಿ. ಹಾಗೆಯೇ ಬರೆದರು. ಶೆರಾದ ಕೆಳಗೆ 'ಓದಿದೆ' ಎಂದು ಬರೆದು ಸಹಿ ಹಾಕುವುದು ನನ್ನ ಕರ್ತವ್ಯ. ಓದಿದೆ, ಸಹಿ ಹಾಕಿದೆ. ಲೇಖನಿ ಕೈಯಲ್ಲಿದ್ದರೂ ತಿದ್ದಲಿಲ್ಲ. ಮಕ್ಕಳ ಒಂದು ಅನುಸ್ವಾರವನ್ನೂ ತಿದ್ದದೆ ಬಿಟ್ಟವಳಲ್ಲ ನಾನು.

ಅದು ಅಲ್ಲಿಗೇ ನಿಂತಿದ್ದರೆ ಬೇರೆ ಮಾತು. ೧೯೫೫ರಲ್ಲಿ ನನ್ನ ಬೀಳ್ಕೊಡುಗೆಯ ದಿನ ಆ ಶೆರಾವನ್ನು ವೇದಿಕೆಯ ಮೇಲೆ ಗಟ್ಟಿಯಾಗಿ ಓದಿದರು. ಕೈಚಪ್ಪಾಳೆಯಾಯಿತು. ರೋಶನಬಿ ತಿಕೋಟಾದಿಂದ ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದರು; ಅವರೂ ಚಪ್ಪಾಳೆ ತಟ್ಟಿದರು. ನಾನು ಕೊರಳಿನ ಹಾರವನ್ನು ನೋಡಿಕೊಂಡೆ, ಅವರ ಮುಖವನ್ನು ನೋಡಲಿಲ್ಲ. ಹದಿನೇಳು ವರ್ಷದ ಸ್ನೇಹ ಅದು. ಆ ಮೇಲೆ ನಾನು ತಿಕೋಟಾಕ್ಕೆ ಹೋಗಿಲ್ಲ, ಅವರು ಇಲ್ಲಿಗೆ ಬಂದಿಲ್ಲ.

ಜುಲೈ ತಿಂಗಳಲ್ಲಿ ನಿನಗೆ ನ್ಯಾಯ ಹೇಳಿದೆನಲ್ಲ, 'ಒಡೆಯನಿಗೆ ಹಿಂದಿರುಗಿಸು' ಎಂದು. ಬರೆಯುವಾಗ ನನ್ನ ಆ ಸಹಿ ನೆನಪಾಗಲಿಲ್ಲ. ನಿನ್ನ ಕರಡು ಬಂದಾಗ ನೆನಪಾಯಿತು. ಪಂಡಿತನ ಪಕ್ಕಕ್ಕೆ ಸಿಂಹ ಬಂದಾಗ ಅವನು ಸತ್ತು ನೂರಾರು ವರ್ಷಗಳಾಗಿದ್ದವು. ಅವನು ತಿದ್ದಲು ಸಾಧ್ಯವಿರಲಿಲ್ಲ. ನಾನು ಬದುಕಿದ್ದೇನೆ.

ರೋಶನಬಿಯವರ ಕಣ್ಣಿಗೆ ಪೊರೆ ಬಂದಿದೆಯೆಂದು ಕೇಳಿದ್ದೇನೆ. ಅವರಿಗೆ ಬರೆಯಬೇಕೆಂದು ಈ ಮೂರು ತಿಂಗಳಲ್ಲಿ ಒಂಬತ್ತು ಸಲ ಕುಳಿತೆ. 'ಪ್ರಿಯ' ಎಂದು ಬರೆಯಲೋ 'ಮಾನ್ಯ' ಎಂದು ಬರೆಯಲೋ ತಿಳಿಯದೆ ಎದ್ದೆ.

ನಿನ್ನ,
ಶಂಕ್ರೆವ್ವ


ತಿಕೋಟಾ
೮ ಜನವರಿ ೧೯೬೪

ಸಬೀರಾಗ ರೋಶನಬಿಯ ಸಲಾಮ. ಬರಿಯಾಕತ್ತಾಕಿ ನನ್ನ ಸೊಸಿ ಮಾಬುಬಿ. ನಾ ಹೇಳಿದ್ದನ್ನ ಹೇಳಿದಂಗs ಬರಿ ಅಂದೇನಿ, ಚಂದ ಮಾಡಾಕ ಹೋಗಬ್ಯಾಡ ಅಂದೇನಿ.

ನಿನ್ನ ಕಾಗದ ಬಂತು ಮಗಳs. ಕಟ್ಟಿ ಮ್ಯಾಲ ಯಾರು ಕುಂತಿದ್ರು ಅಂತ ಕೇಳೀದಿ. ನಾನs ಕುಂತಿದ್ದೆ. ಆ ಕಟ್ಟಿ ಕಲ್ಲು ಎಂಥಾ ಒರಟು ಅಂತೀ, ಎರಡು ಸೀರಿ ಹರದ್ವು. ಸಾಬಣ್ಣನ ಸಣ್ಣ ಕೂಸು ದಿನಾ ನನ್ನ ತೊಡಿ ಮ್ಯಾಲ ಉಚ್ಚಿ ಹೊಯ್ತಿತ್ತು. (ಇದನ್ನೂ ಬರೀಲೇನ್ರಿ ಅಂತ ಕೇಳಿದೆ. ಬರಿ ಬೇ, ಅದs ಖರೇ ಸಾಕ್ಷಿ ಅಂದ್ರು.) ಬೋರವ್ವ ಈಗ ಕನಮಡಿ ದವಾಖಾನಿಯಾಗ ನರ್ಸ್ ಆಗ್ಯಾಳ. ನನ್ನ ಮೊಮ್ಮಗ ಹುಟ್ಟೂವಾಗ ಕೂಸನ್ನ ಹಿಡದಾಕಿ ಆಕೀನs.

ನೀ ಬರದಂಗ ಶಂಕ್ರೆವ್ವ ಬಾಯಾರು ತಮ್ಮ ತಪ್ಪು ಅಷ್ಟೂ ಹೇಳ್ಯಾರ. ಒಂದು ಮಾತು ಮಾತ್ರ ಬಿಟ್ಟಾರ. ತಪ್ಪು ಬಿಟ್ಟು ಬ್ಯಾರೆ ಹೇಳಾಕ ಅವರಿಗೆ ಎಂದೂ ಬರಲಿಲ್ಲ. ಆ ವರ್ಷ ಏಳನೇ ಇಯತ್ತೆಯಾಗ ಹನ್ನೊಂದು ಹುಡಿಗ್ಯಾರು. ಶನಿವಾರಕ್ಕೊಮ್ಮೆ ಪ್ರಬಂಧದ ವಹಿ ತಿದ್ದಾಕ ಬಾಯಾರ ಮೇಜಿನ ಮ್ಯಾಲ ಇಡತಿದ್ದೆ. ಬೋರವ್ವನ ವಹಿ ನಡುವ ಸೇರಿಸಿ ಇಡತಿದ್ದೆ, ಹೆಸರು ಬರೀದs. ಹೆಸರು ಕಂಡ್ರ, ಇದು ಹೆಸರು ಕಡದ ಹುಡುಗೀದು ಅಂತ ಒಗೀತಾರು ಅಂತ ಅಂಜಿಕಿ. ಹನ್ನೆರಡೂ ವಹಿ ತಿದ್ದಿ ಕಳಸಾವ್ರು. ಒಂದೊಂದು ಕಾಗದಾನೂ ಎಣಿಸಿ ಇಡೋ ಹೆಣ್ಣುಮಗಳು, ಹನ್ನೊಂದರಾಗ ಹನ್ನೆರಡು ಆಗಿದ್ದು ಕಾಣಲಿಲ್ಲೇನು? ವರ್ಷಾಪೂರ್ತಿ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಂಗಾಗಿ ಆ ಕಥಿಯೊಳಗ ಅವರ ಪಾಲೂ ಐತಿ.

ಶೆರಾ ಒಯ್ದ್ರು ಅಂತ ನನಗ ಸಿಟ್ಟಿಲ್ಲ. ಅದನ್ನ ಇಟ್ಕೊಂಡು ನಾ ಏನು ಹಪ್ಪಳ ಹಾಕಲಿ? ಸಿಟ್ಟು ಬ್ಯಾರೆ ಐತಿ. ರಮಜಾನ ಹಬ್ಬಕ್ಕ ಸುರಕುಂಬಾ ಕುಡ್ಯಾಕ ತಪ್ಪದs ಬರತಿದ್ರು. "ಸಕ್ಕರಿ ಜಾಸ್ತಿ ಆಗೇತಿ ರೋಶನಬಿ" ಅಂತ ತಪ್ಪು ತಗದು ಹೆಸರಿಟ್ಟು, ಎರಡು ವಾಟಿ ಕುಡೀತಿದ್ರು. ಎಂಟು ವರ್ಷ ಆತು, ಯಾರೂ ಹೆಸರಿಟ್ಟಿಲ್ಲ. ಮಾಬುಬಿ ಮಾಡಿದ್ದನ್ನ ಎಲ್ಲಾರೂ ಚಲೋ ಆಗೇತಿ ಅಂತs ಅಂತಾರ. (ನಾ ಚಲೋನs ಮಾಡತೇನ್ರಿ.)

ಇನ್ನೊಂದು ಸಿಟ್ಟು ಐತಿ, ಅದನ್ನೂ ಹೇಳು. ಬಬಲೇಶ್ವರ ಸಂತಿ ಬಗ್ಗೆ ಬೋರವ್ವ ಬರದಿದ್ಲಲ್ಲ, ಅಂಥಾ ಪ್ರಬಂಧ ಆ ಹನ್ನೊಂದು ಮಂದಿಯೊಳಗ ಒಬ್ಬಾಕೀನೂ ಬರದಿದ್ದಿಲ್ಲ. ಅದಕ್ಕ ಹತ್ತಕ್ಕ ಏಳs ಕೊಟ್ಟಿದ್ರು. ಎಂಟರದ್ದು ಅದು. ಇಪ್ಪತ್ತೈದು ವರ್ಷ ಆತು, ಇನ್ನೂ ನುಂಗಾಕ ಆಗಿಲ್ಲ.

ರೋಶನಬಿ
(ಹೆಬ್ಬಟ್ಟು ಹಚ್ಚೂದಿಲ್ಲ, ಸಾಲಿ ಬಾಯಿ ನಾನು ಅಂತ ಕಣ್ಣು ಕಾಣಲಾರದ್ರೂ ತಾವs ಸಹಿ ಮಾಡ್ಯಾರ. ಮಾಬುಬಿ)


ವಿಜಾಪುರ
೫ ಫೆಬ್ರುವರಿ ೧೯೬೪

ರೋಶನಬಿ,

'ಪ್ರಿಯ', 'ಮಾನ್ಯ' ಎರಡನ್ನೂ ಬಿಟ್ಟಿದ್ದೇನೆ. ಎಂಟು ವರ್ಷ ಮನಸ್ಸಿನಲ್ಲಿ ಕರೆದದ್ದು ಬರಿಯ ಹೆಸರಿನಿಂದಲೇ. ಸಬೀರಾ ನಿಮ್ಮ ಪತ್ರವನ್ನು ನನಗೆ ಕಳಿಸಿದಳು. ಹಿರಿಯರೊಬ್ಬರು ತನಗೆ ಬರೆದದ್ದನ್ನು ಮತ್ತೊಬ್ಬರಿಗೆ ಕಳಿಸುವುದು ಸಲ್ಲದೆಂದು ಅವಳಿಗೆ ಎಚ್ಚರಿಕೆ ಕೊಟ್ಟಿದ್ದೇನೆ. ಆ ಪತ್ರ ನನ್ನ ದಿಂಬಿನ ಕೆಳಗಿದೆ.

ಜನವರಿ ಇಪ್ಪತ್ತಾರಕ್ಕೆ ಬಬಲೇಶ್ವರಕ್ಕೆ ಹೋಗಿದ್ದೆ. ನಿಮಗೂ ಆಮಂತ್ರಣ ಬಂದಿತ್ತೆಂದೂ ಕಣ್ಣಿನ ದೆಸೆಯಿಂದ ಬರಲಾಗಲಿಲ್ಲವೆಂದೂ ಬಾಬು ಮಾಸ್ತರರು ಹೇಳಿದರು. ನನ್ನ ಕೊರಳಿಗೆ ಹಾರ ಹಾಕಲು ಬಂದಾಗ ತಡೆದು, ಶೆರಾಪುಸ್ತಕ ತರಿಸಿ ಎಲ್ಲವನ್ನೂ ಹೇಳಿದೆ. ಹೆಸರು ಕಡಿದವಳು ನಾನು, ಕಟ್ಟೆಯ ಮೇಲೆ ಕೂತವರು ನೀವು ಎಂದು. ಮಾತು ಮುಗಿದಾಗ ಹಿಂದಿನಿಂದ ಮುದುಕನೊಬ್ಬ ಕೋಲೂರಿ ಎದ್ದು ನಿಂತ. ಬೋರವ್ವನ ತಂದೆ ಸಾಬಣ್ಣ.

"ಬಾಯಾರs, ಇದು ಊರಿಗೆಲ್ಲಾ ಗೊತ್ತಿದ್ದದ್ದs ಐತಲ್ರಿ. ನನ್ನ ಕಟ್ಟಿ ಮ್ಯಾಲ ಯಾರು ಕುಂತಿದ್ರು ಅಂತ ನನಗ ಗೊತ್ತಿಲ್ಲೇನು?"

"ಗೊತ್ತಿದ್ದರೆ ಇಷ್ಟು ವರ್ಷ ಹೇಳಲಿಲ್ಲ ಏಕೆ?" ಎಂದೆ.

"ಯಾರ್ ಕೇಳ್ಯಾರ್ರಿ? ಬರದಾವ್ರು ಸಾಹೇಬ್ರು, ಸಹಿ ಮಾಡಿದವ್ರು ನೀವು. ನಾ ಓದಾಕ ಬರಲಾರದಾಂವ."

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ರೋಶನಬಿ. ನಗುತ್ತ ಕಣ್ಣೊರೆಸಿಕೊಂಡೆ. ಆ ಹಾರವನ್ನು ಬೋರವ್ವನ ಕೈಯಲ್ಲಿ ಕೊಟ್ಟಿದ್ದೇನೆ. ಕನಮಡಿಗೆ ಹೋಗುವಾಗ ತಿಕೋಟಾದಲ್ಲಿ ಇಳಿದು ನಿಮಗೆ ಮುಟ್ಟಿಸುವುದಾಗಿ ಹೇಳಿದಳು. ಅಷ್ಟರಲ್ಲಿ ಹೂ ಬಾಡಿದ್ದರೆ ಅದು ಅವಳ ತಪ್ಪಲ್ಲ, ನನ್ನ ತಡ.

ವಹಿಗಳ ವಿಷಯ. ಹೌದು, ಎಣಿಸಿದ್ದೆ. ಮೊದಲ ಶನಿವಾರವೇ ಎಣಿಸಿದ್ದೆ. ನಿಯಮ ಮೀರಿದೆನೆಂದು ಒಪ್ಪಿಕೊಳ್ಳಲು ಅಂದು ಬಾಯಿ ಬರಲಿಲ್ಲ. ನಿಮ್ಮ ಕೆಲಸವನ್ನು ನಿಮ್ಮದೆಂದು ಹೇಳಲೂ ಬರಲಿಲ್ಲ. ಮೊದಲನೆಯದಕ್ಕೆ ನನ್ನಲ್ಲಿ ನಾಚಿಕೆಯಿಲ್ಲ. ಎರಡನೆಯದಕ್ಕೆ ಕ್ಷಮೆ ಬೇಡುತ್ತೇನೆ.

ರಮಜಾನ ಹಬ್ಬದ ದಿನ ಮುಂಜಾನೆಯ ಮೊದಲ ಬಸ್ಸಿಗೆ ಬರುತ್ತೇನೆ. ಸುರಕುಂಬಾಕ್ಕೆ ಸಕ್ಕರೆ ಹಿಡಿತದಲ್ಲಿ ಹಾಕಬೇಕೆಂದು ಮಾಬುಬಿಗೆ ಹೇಳಿರಿ. ಜೊತೆಗಿಟ್ಟ ಕಾಗದಗಳನ್ನೂ ಆಕೆಯೇ ಓದಿ ಹೇಳಲಿ.

ನಿಮ್ಮ,
ಶಂಕ್ರೆವ್ವ

ಈ ಪತ್ರದೊಂದಿಗೆ ಇಟ್ಟಿರುವ ಕಾಗದಗಳು:

೧. ೧೯೩೮ರ ಶೆರಾದ ನಕಲು. 'ಓದಿದೆ' ಎಂಬ ನನ್ನ ಸಹಿಯ ಕೆಳಗೆ ಮೊನ್ನೆ ಸಭೆಯ ಎದುರು ಬರೆದ ತಿದ್ದುಪಡಿಯ ಸಹಿತ. ಬಾಬು ಮಾಸ್ತರರ ಮೊಹರು ಇದೆ.

೨. ಸಬೀರಾಳ ಲೇಖನ, ಅಚ್ಚಾದದ್ದು. ಮೊದಲ ಪರಿಚ್ಛೇದ ಈಗ ನಿಮ್ಮ ಕುರಿತಾಗಿದೆ. ಒಂದು ಅಲ್ಪವಿರಾಮ ತಪ್ಪಿದೆ, ಶಾಯಿಯಿಂದ ತಿದ್ದಿದ್ದೇನೆ.

೩. ಮಕ್ಕಳ ಸಂಪುಟದ ಒಂದು ಪುಟ. ಬರೆಯುತ್ತಿರುವ ಮುದುಕ ಬೆತ್ಲೆಹೇಮಿನ ಪಂಡಿತ. ಸಿಂಹ ಅವನದಲ್ಲ, ಅಡಿಬರಹವನ್ನು ಮಾಬುಬಿ ಎರಡು ಸಲ ಓದಲಿ.

೪. ಹನ್ನೆರಡನೆಯ ವಹಿಯ ಒಂದು ಹಾಳೆ, 'ಬಬಲೇಶ್ವರದ ಸಂತೆ'. ಮುಂದೊಂದು ಶನಿವಾರ ವಹಿ ಮತ್ತೆ ಬಂದಾಗ ನಿಮಗೆ ಹೇಳದೆ ಹರಿದು ಇಟ್ಟುಕೊಂಡಿದ್ದೆ. ಮೇಲೆ ಹೆಸರು ಬರೆದಿಲ್ಲವೆಂದು ಆಗ ಒಂದು ಅಂಕ ಕಳೆದಿದ್ದೆ. ಆ ಹೆಸರನ್ನು ಕಡಿದವಳು ನಾನೇ. ಏಳನ್ನು ಹೊಡೆದು ಎಂಟು ಮಾಡಿದ್ದೇನೆ. ಪಕ್ಕದಲ್ಲಿ ಸಹಿ ಹಾಕಿದ್ದೇನೆ.